ಕಡೆಯ ಪಂಕ್ತಿಯಲ್ಲಿ ಅಪ್ಪ

ನಮ್ಮ ಮನೆಯ ಗಂಡಸರು ಪಡಸಾಲೆಯ ಗೋಡೆಯ ಮೇಲೆ ಇರುತ್ತಿದ್ದರು, ಹೆಂಗಸರು ಅದೇ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತ ಕೂಡುತ್ತಿದ್ದರು. ಅಂಕಲಿಯ ಆ ಮನೆಗೆ ಹೊಸಬರು ಯಾರು ಬಂದರೂ ಮೊದಲು ಕಾಣುತ್ತಿದ್ದದ್ದು ಅದೇ. ಮೇಲೆ ಹಾರ ಹಾಕಿದ ನಾಲ್ಕು ಫೋಟೋ: ಮುತ್ಯಾನ ಅಪ್ಪ, ನಮ್ಮ ಅಜ್ಜ ಮುತ್ಯಾ, ಮುತ್ಯಾನ ತಮ್ಮ, ನಮ್ಮ ದೊಡ್ಡಪ್ಪ. ಮೊದಲನೆಯದು ಅಸಲಿಗೆ ಫೋಟೋ ಅಲ್ಲ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಕೊಲ್ಲಾಪುರದ ಪೇಂಟರನೊಬ್ಬ ಮನೆಯವರ ಬಾಯಿಮಾತು ಕೇಳಿಕೊಂಡು ಬರೆದ ಚಿತ್ರ. ರುಮಾಲು ಮಾತ್ರ ಬರೋಬ್ಬರಿ ಬಂದಿದೆ, ಮಾರಿ ಯಾರದೋ ಎಂದು ಸಣ್ಣಾಯಿ ನಗುತ್ತಿದ್ದಳು. ನಾಲ್ವರೂ ಜೋಳದ ಚೀಲವನ್ನು ಒಬ್ಬರೇ ಎತ್ತಿ ಹೆಗಲಿಗೆ ಹಾಕಿಕೊಳ್ಳುವ ಆಳುಗಳಂತೆ. ನಾಲ್ವರಲ್ಲಿ ಒಬ್ಬರೂ ಐವತ್ತೆರಡು ದಾಟಿರಲಿಲ್ಲ. ಒಂದು ದಿನ ಹೊಲದಿಂದ ಬಂದು, ಒಂದೀಟು ಅಡ್ಡಾಗುತ್ತೇನೆ ಎಂದು ಮಲಗಿದವರು ಮತ್ತೆ ಎದ್ದಿರಲಿಲ್ಲ. ಗೋಡೆಯ ಕೆಳಗೆ ನನ್ನ ಆಯಿ, ಅಂದರೆ ಅಪ್ಪನ ಅವ್ವ, ಮತ್ತು ಅವಳ ನೆಗೆಣ್ಣಿ, ಮುತ್ಯಾನ ತಮ್ಮನ ಹೆಂಡತಿ. ಆಕೆಯನ್ನು ನಾವು ಸಣ್ಣಾಯಿ ಅನ್ನುತ್ತಿದ್ದೆವು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಆಯಿಗೆ ಮೊಣಕಾಲು, ಸಣ್ಣಾಯಿಗೆ ಕಣ್ಣು, ಇಬ್ಬರಿಗೂ ಸೊಂಟ. ದಿನಕ್ಕೊಂದು ನೋವಿನ ಹೆಸರು ಹೇಳಿಕೊಂಡು, ಒಬ್ಬರ ಕಾಲು ಒಬ್ಬರು ತಿಕ್ಕಿಕೊಂಡು, ಊರ ಸುದ್ದಿಯನ್ನೆಲ್ಲ ಜರಡಿ ಹಿಡಿದು ನಗುತ್ತ ಇದ್ದರು.

ಮನೆಯಲ್ಲಿ ಊಟಕ್ಕೆ ನಾಲ್ಕು ಪಂಕ್ತಿ. ಮೊದಲು ಪಡಸಾಲೆಯಲ್ಲಿ ಅಪ್ಪ ಮತ್ತು ಅವತ್ತು ಬಂದ ನೆಂಟರು. ಹಂಚಿನಿಂದ ಇಳಿದ ರೊಟ್ಟಿ ಇನ್ನೂ ಉಬ್ಬಿರುವಾಗಲೇ ಅವರ ತಾಟಿಗೆ ಹೋಗಬೇಕು, ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. ಆಮೇಲೆ ನಾನು, ನನ್ನ ತಮ್ಮ ಸತೀಶ. ಆಮೇಲೆ ಅಡುಗೆಮನೆಯಲ್ಲಿ ಆಯಿ, ಸಣ್ಣಾಯಿ. ಎಲ್ಲರದೂ ಮುಗಿದು, ಒಲೆಯ ಕೆಂಡ ಬೂದಿಯಾಗುವ ಹೊತ್ತಿಗೆ ಅವ್ವ ಒಬ್ಬಳೇ. ಆಕೆ ಉಣ್ಣುವುದನ್ನು ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ, ಏಕೆಂದರೆ ಅಷ್ಟೊತ್ತಿಗೆ ಎಲ್ಲರಿಗೂ ಬೇರೆ ಕೆಲಸವಿರುತ್ತಿತ್ತು. ನೋಡುತ್ತಿದ್ದವಳು ನಾನೊಬ್ಬಳೇ. ಹನ್ನೊಂದು ವರ್ಷದ ನನಗೆ ಅದರಲ್ಲಿ ಅನ್ಯಾಯವೇನೂ ಕಂಡಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ನನಗೆ ಅಲ್ಲಿ ಒಂದು ಲಾಭವಿತ್ತು. ಉಂಡಾದ ಮೇಲೆ ಅವ್ವ ಒಲೆಯ ಅಂಚಿನಿಂದ ಬೆಂದ ಮಣ್ಣಿನ ಚೂರು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಉಳಿದ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದಳು. ನಾನೂ ಕೈಯೊಡ್ಡಿದರೆ ಜೋಳದ ಕಾಳಿನಷ್ಟು ಕೊಟ್ಟು, ಯಾರ ಮುಂದೂ ಹೇಳಬ್ಯಾಡ ಅನ್ನುತ್ತಿದ್ದಳು. ಅದು ನಮ್ಮಿಬ್ಬರ ಗುಟ್ಟಿನ ಪೇಡೆ ಎಂದು ನಾನು ತಿಳಿದುಕೊಂಡಿದ್ದೆ.

ಅಪ್ಪನ ಹೆಸರು ಭೀಮಗೌಡ. ಹೆಸರಿಗೆ ತಕ್ಕ ಆಳು. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು, ಊಟಕ್ಕೆ ಐದು ರೊಟ್ಟಿ ಬೇಕು, ಮಾತು ಮಾತ್ರ ದಿನಕ್ಕೆ ಹತ್ತೋ ಹನ್ನೆರಡೋ. ಕಬ್ಬು ಕಡಿಯುವಾಗ ಕುಡುಗೋಲು ಪಾದಕ್ಕೆ ಬಿದ್ದರೂ ಒಂದು ಅರಿವೆ ಸುತ್ತಿಕೊಂಡು ಮನೆಗೆ ಬಂದು, ಮೂರು ದಿನ ಯಾರಿಗೂ ಹೇಳದೆ ಅಡ್ಡಾಡಿದವನು. ಅವನಿಗೆ ಐವತ್ತೊಂದು ತುಂಬಿ ಐವತ್ತೆರಡು ಹಿಡಿದದ್ದು ಹೋಳಿ ಹುಣ್ಣಿಮೆಯ ಮರುದಿನ. ಅವನಿಗೆ ಅದು ನೆನಪಿರಲಿಲ್ಲ, ಆಯಿಗೆ ಇತ್ತು. ಆವತ್ತು ಆಯಿ ಶೇಂಗಾ ಸುಲಿಯಲಿಲ್ಲ. ಗೋಡೆಗೆ ಬೆನ್ನು ಕೊಡುವ ಬದಲು ಗೋಡೆಯತ್ತ ಮುಖ ಮಾಡಿ ಕೂತಿದ್ದಳು. ಅಪ್ಪ ಕೈಕಾಲು ತೊಳೆದು ತನ್ನ ಮಣೆಯ ಮೇಲೆ ಕೂಡಲು ಹೋದಾಗ, ಮಣೆಯನ್ನೇ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಭೀಮೂ, ಇವತ್ತಿನಿಂದ ನೀ ಇಲ್ಲೆ ಉಣ್ಣೂದಿಲ್ಲ. ಒಳಗ ನಮ್ಮ ಪಂಗ್ತ್ಯಾಗ ಕುಂಡ್ರಬೇಕು."

"ಯಾಕಬೇ ಯವ್ವ? ನಾ ಏನ ತಪ್ಪ ಮಾಡೇನಿ?"

"ತಪ್ಪಲ್ಲೋ. ನಿನ್ನ ಬದಕಿಸ್ಕೋಬೇಕಲ್ಲ ನಾ. ಈ ಗ್ವಾಡಿ ನೋಡು. ಇವರೆಲ್ಲಾ ಮೊದಲನೇ ಪಂಗ್ತ್ಯಾಗ ಉಂಡವರು. ಬಿಸಿ ರೊಟ್ಟಿ, ಬೆಣ್ಣಿ, ಹೊಟ್ಟಿ ತುಂಬ ಉಂಡು ಎದ್ದು ಹ್ವಾದ್ರು. ನಾನು, ನಿಮ್ಮ ಸಣ್ಣವ್ವ ಕಡೀಕ ಉಂಡವರು, ತಣ್ಣಗಿಂದು ಉಂಡವರು. ಇನ್ನಾ ಕುಂತೇವಿ."

"ಊರಾಗಿನ ಮಂದಿ ಏನಂದಾರು?"

"ಮಂದಿ ಏನರ ಅನ್ಲಿ. ನಿನ್ನ ಫೋಟೋಕ್ಕ ಜಾಗಾ ಎಲ್ಲೈತಿ ಆ ಗ್ವಾಡಿ ಮ್ಯಾಲ? ತುಂಬೇತದು."

ಅಪ್ಪ ಗೋಡೆ ನೋಡಿದ. ದೊಡ್ಡಪ್ಪನ ಫೋಟೋದ ಪಕ್ಕದಲ್ಲಿ ಒಂದು ಮೊಳ ಜಾಗ ಖಾಲಿ ಇತ್ತು. ಆಯಿಯೂ ಅದನ್ನೇ ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಮಗನ ಕಣ್ಣು ತಪ್ಪಿಸಲು ಆಯಿ ಮಾತು ಮುಂದುವರಿಸಿದಳು.

"ಮತ್ತ ಇನ್ನೊಂದೈತಿ. ದಿನಾ ಸಂಜೀಕ ನಮ್ಮ ಹಂತ್ಯಾಕ ಕುಂತು ಎಲ್ಲೆಲ್ಲಿ ನೋಯಾಕತ್ತೈತಿ ಹೇಳಬೇಕು. ಈ ಗಂಡಸರು ಬಾಯಿ ಮುಚ್ಕೊಂಡ ಸತ್ತಾರ."

"ಏನೂ ನೋಯಾಕತ್ತಿಲ್ಲ ಅಂದ್ರ?"

"ಹುಡುಕು," ಎಂದಳು ಸಣ್ಣಾಯಿ. "ನಮಗ ದಿನಾ ಸಿಗತೈತಿ, ನಿನಗ ಸಿಗೂದಿಲ್ಲೇನ?"

ಹೀಗೆ ಅಪ್ಪ ಅಡುಗೆಮನೆ ಸೇರಿದ. ಅವನು ಹುಟ್ಟಿ ಬೆಳೆದ ಮನೆಯೇ ಆದರೂ ಆ ಕೋಣೆಯಲ್ಲಿ ಅವನ ಅಳತೆಗೆ ಏನೂ ಇರಲಿಲ್ಲ. ಕೂಡುವಾಗ ಮೊಣಕಾಲು ನೀರಿನ ಹಂಡೆಗೆ ತಾಗುತ್ತಿತ್ತು, ಏಳುವಾಗ ತಲೆ ಗೂಡಿನ ಹಲಗೆಗೆ ಬಡಿಯುತ್ತಿತ್ತು. ಮೊದಲ ವಾರ ಆಯಿ, ಸಣ್ಣಾಯಿ ಅವನ ಮುಂದೆ ಮಾತಾಡಲು ಸಂಕೋಚಪಟ್ಟು ಸುಮ್ಮನೆ ಉಂಡರು. ಎರಡನೆಯ ವಾರಕ್ಕೆ ಅವನಿದ್ದಾನೆ ಎಂಬುದೇ ಮರೆತುಹೋಯಿತು. ಯಾರ ಮಗಳು ಗಂಡನ ಮನೆಯಿಂದ ಸಿಟ್ಟು ಮಾಡಿಕೊಂಡು ಬಂದಳು, ಯಾರ ಸೊಸೆ ಅತ್ತೆಗೆ ತಿಳಿಯದ ಹಾಗೆ ಸಿನಿಮಾ ನೋಡಲು ಚಿಕ್ಕೋಡಿಗೆ ಹೋದಳು, ಎಲ್ಲ ಹೊರಬಿತ್ತು. ಅಪ್ಪನ ಕೈ ತುತ್ತಿನ ನಡುವೆ ನಿಲ್ಲುತ್ತಿತ್ತು. ಮೂರನೆಯ ವಾರ ಅವನೇ ಬಾಯಿಬಿಟ್ಟು, ಆಮೇಲೆ ಆ ಸೊಸಿಗೆ ಏನಾತು ಎಂದು ಕೇಳಿದ. ಸಣ್ಣಾಯಿ ನಕ್ಕ ನಗೆಗೆ ಬಾಯಲ್ಲಿದ್ದ ಮಜ್ಜಿಗೆ ಹೊರಗೆ ಬಂತು. ಚಹಾದಂಗಡಿಯಲ್ಲಿ ಗೆಳೆಯರು, ಗೌಡ್ರ, ಬಳಿ ಯಾವಾಗ ಇಡಿಸ್ಕೊಂತೀರಿ ಎಂದು ಕಾಡಿದರಂತೆ. ನಮ್ಮವ್ವ ಅಂದ್ರ ಅದನ್ನೂ ಇಡಿಸ್ಕೊಂತೇನಿ ಎಂದು ಅಪ್ಪ ಉತ್ತರ ಕೊಟ್ಟನೆಂದು ಊರೆಲ್ಲ ಸುದ್ದಿಯಾಯಿತು.

ಸಂಜೆಯ ನೋವಿನ ಪಾಠ ಮಾತ್ರ ಬೇಗ ಹತ್ತಲಿಲ್ಲ. ದೀಪ ಹಚ್ಚಿದ ಮೇಲೆ ಮೂವರೂ ಪಡಸಾಲೆಯಲ್ಲಿ ಕೂಡುತ್ತಿದ್ದರು. ಆಯಿ ತನ್ನದನ್ನು ಹೇಳುವಳು, ಸಣ್ಣಾಯಿ ತನ್ನದನ್ನು ಹೇಳುವಳು, ಅಪ್ಪನ ಪಾಳಿ ಬಂದಾಗ ಏನೂ ಇಲ್ಲ ಅನ್ನುವನು. ಎಂಟನೆಯ ದಿನ, ಬಹಳ ಹೊತ್ತು ಯೋಚಿಸಿ, ಬಲಗಾಲಿನ ಹೆಬ್ಬೆರಳು ಅಂದ. ಇಬ್ಬರು ಮುದುಕಿಯರೂ ಮೊಮ್ಮಗು ಮೊದಲ ಸಲ ಮಾತಾಡಿದಷ್ಟು ಸಂತೋಷಪಟ್ಟು ಆ ಹೆಬ್ಬೆರಳಿಗೆ ಎಣ್ಣೆ ತಿಕ್ಕಿದರು. ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ಹಿಮ್ಮಡಿ, ಭುಜ, ಹಲ್ಲು, ಒಂದೊಂದೇ ಹೊರಗೆ ಬಂದವು. ಒಂದು ಸಂಜೆ ಮೈಯದಲ್ಲದ ನೋವೂ ಬಂತು. ಅಣ್ಣ ಸತ್ತಾಗ ನಾ ಅಳಲಿಲ್ಲ, ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು ಎಂದ. ಆಯಿ ಅವನ ದೊಡ್ಡ ತಲೆಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನೂ ಸತೀಶನೂ ಬಾಯಿ ತೆರೆದು ನಿಂತೆವು, ಅಪ್ಪ ಅಳುವುದನ್ನು ನಾವು ಎಂದೂ ನೋಡಿರಲಿಲ್ಲ. ತಂಬಾಕಿನ ಚಂಚಿಯನ್ನೂ ಆಯಿ ಕಸಿದುಕೊಂಡಳು. ನೀನೂ ದಿನಾ ಮಿಶ್ರಿ ತಿಕ್ಕತೀಯಲ್ಲಬೇ, ಅದು ತಂಬಾಕ ಸುಟ್ಟು ಮಾಡಿದ್ದ ಅಲ್ಲೇನ ಎಂದು ಅಪ್ಪ ಕೇಳಿದ್ದಕ್ಕೆ, ಅದು ಹಲ್ಲಿನ ಔಷಧ ಎಂದು ಹೇಳಿ ಬಾಯಿ ಮುಚ್ಚಿಸಿದಳು. ಆಯಿಯ ಬಾಯಲ್ಲಿ ಆಗ ಉಳಿದಿದ್ದದ್ದು ಮೂರು ಹಲ್ಲು.

ಈಗ ನಗುತ್ತೇನೆ, ಆದರೆ ಆಯಿಯ ಲೆಕ್ಕಾಚಾರ ಪೂರ್ತಿ ತಪ್ಪಾಗಿರಲಿಲ್ಲ. ಮುಂದೆ ನಾನು ನರ್ಸಾಗಿ ಐನಾಪುರದ ಕಡೆಯ ಹಳ್ಳಿಗಳಲ್ಲಿ ಇಪ್ಪತ್ತೈದು ವರ್ಷ ದುಡಿದೆ. ಯಾವ ಓಣಿಗೆ ಹೋದರೂ ಕಟ್ಟೆಯ ಮೇಲೆ ಮುದುಕರಿಗಿಂತ ಮುದುಕಿಯರು ಹೆಚ್ಚು. ಗಂಡಸರು ತಂಬಾಕು, ಸೆರೆ, ಸಿಟ್ಟು, ಬಾಯಿಬಿಡದ ಎದೆನೋವು ಇವುಗಳಿಂದ ಮುಂಚೆ ಹೋಗುತ್ತಿದ್ದರು. ಹೆಂಗಸರು ಉಳಿಯುತ್ತಿದ್ದರು. ಆದರೆ ಉಳಿದ ಹೆಂಗಸರ ಮೊಣಕಾಲು, ಸೊಂಟ, ಕಣ್ಣು, ರಕ್ತ ಎಲ್ಲವೂ ಎಷ್ಟೋ ವರ್ಷದ ಹಿಂದೆಯೇ ಸೋತಿರುತ್ತಿದ್ದವು. ಆಯಿ ಮೊದಲಿನ ಅರ್ಧವನ್ನು ಸರಿಯಾಗಿ ಕಂಡುಹಿಡಿದಿದ್ದಳು. ಎರಡನೆಯ ಅರ್ಧ ಆಕೆಯ ಕಣ್ಣ ಮುಂದೆಯೇ ರೊಟ್ಟಿ ಬಡಿಯುತ್ತಿತ್ತು, ಅದನ್ನು ಆಕೆ ನೋಡಿರಲಿಲ್ಲ.

ಎರಡು ತಿಂಗಳಾದರೂ ಅಪ್ಪನ ಮೈ ಒಂದೀಟೂ ಇಳಿಯಲಿಲ್ಲ. ಆಯಿ ಕಣ್ಣಿಟ್ಟು ಕಾದು ಕಾರಣ ಹಿಡಿದಳು. ಅವನ ಪಾಲಿನ ರೊಟ್ಟಿಯನ್ನು ಅವ್ವ ಅರಿವೆಯಲ್ಲಿ ಸುತ್ತಿ ಒಲೆಯ ಪಕ್ಕ ಬೆಚ್ಚಗೆ ಇಡುತ್ತಿದ್ದಳು, ಬೆಣ್ಣೆಯನ್ನು ಪಲ್ಯದ ಕೆಳಗೆ ಅಡಗಿಸುತ್ತಿದ್ದಳು. ಜಾಗ ಬದಲಾಗಿತ್ತು, ಊಟ ಅದೇ ಮೊದಲನೆಯ ಪಂಕ್ತಿಯದು. ಇದು ನಡೆಯುವುದಿಲ್ಲ ಎಂದಳು ಆಯಿ. ಮುಂದಿನ ರವಿವಾರ ಮಧ್ಯಾಹ್ನ ಹೊಸ ಆಜ್ಞೆ ಹೊರಟಿತು: ಭೀಮು ಎಲ್ಲರಿಗಿಂತ ಕಡೆಗೆ, ಶಾಂತಾ ಉಂಡ ಮೇಲೆ ಉಣ್ಣಬೇಕು. ಶಾಂತಾ ಅಂದರೆ ನಮ್ಮ ಅವ್ವ. ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು, ಅತ್ತೆಯ ಮಾತಿಗೆ ಎದುರಾಡಿದ್ದನ್ನು ಯಾರೂ ಕೇಳಿರಲಿಲ್ಲ. ಆವತ್ತು ಆಡಿದಳು.

"ಅವರು ಉಣ್ಣೂಕಿಂತ ಮೊದಲ ನಾ ಹೆಂಗ ಉಣ್ಣಲಿ ಅತ್ತೀ? ಅವರಿಗೆ ಛಲೋ ಅಲ್ಲ ಅದು."

"ಅವನಿಗೆ ಛಲೋ ಆಗ್ಲಿ ಅಂತಾನ ಹೇಳಾಕತ್ತೇನಿ. ನೀ ಮೊದಲ ಉಣ್ಣು."

"ನಾ ಒಲ್ಲೆ."

ಒಬ್ಬನೇ ಗಂಡಸನ್ನು ಉಳಿಸಿಕೊಳ್ಳಲು ಇಬ್ಬರು ಹೆಂಗಸರು ಎದುರುಬದುರಾಗಿ ನಿಂತರು. ಗಂಡನಿಗಿಂತ ಮೊದಲು ಉಂಡರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವನ ತವರಿನಲ್ಲಿ ಹೇಳಿ ಕಳಿಸಿದ್ದರು. ಹೆಂಡತಿಗಿಂತ ಮೊದಲು ಉಂಡರೆ ಕಡಿಮೆಯಾಗುತ್ತದೆ ಎಂದು ಆಯಿ ಈಗ ಹೊಸದಾಗಿ ಕಂಡುಹಿಡಿದಿದ್ದಳು. ನಡುವೆ ಅಪ್ಪ ಖಾಲಿ ತಾಟಿನ ಮುಂದೆ ಕೂತಿದ್ದ. ನಾನು ಉಂಡಿದ್ದೆ, ಸತೀಶ ಉಂಡಿದ್ದ, ಮುದುಕಿಯರು ಉಂಡಿದ್ದರು. ಒಲೆ ಆರಿತು. ಎಮ್ಮೆ ಎರಡು ಸಲ ಕೂಗಿತು. ಅಪ್ಪ ಹಸಿವು ತಡೆಯಲಾರದೆ ಹಂಡೆಗೆ ಒರಗಿ, ಯಾರರ ಒಬ್ಬರು ಉಣ್ರಿ ಎಂದು ಬೇಡಿಕೊಂಡ. ಕಡೆಗೆ ಸಣ್ಣಾಯಿ ಗೋಡೆ ಹಿಡಿದು ಎದ್ದು ಬಂದಳು.

"ಹಿಂಗ ಕುಂತ್ರ ಇಬ್ಬರೂ ಉಪವಾಸ ಸಾಯ್ತೀರಿ. ಎರಡೂ ತಾಟ ಹಚ್ರಿ. ಒಮ್ಮೆಲೇ ತುತ್ತ ಎತ್ರಿ, ಯಾರ ಮೊದಲೂ ಇಲ್ಲ ಯಾರ ಕಡೀಕೂ ಇಲ್ಲ. ಏ ಕಸ್ತೂರಿ, ನೀ ಎಣಿಸು."

ಈ ತೀರ್ಪಿಗೆ ಆಯಿಯೂ ಮೂಗು ಮುರಿದು ಒಪ್ಪಿದಳು. ಅವ್ವ ತನ್ನ ತಾಟು ಹಚ್ಚಿಕೊಂಡು, ನಾಚಿಕೆಯಿಂದ ಅರ್ಧ ತಿರುಗಿ, ಅಪ್ಪನ ಎದುರು ಕೂತಳು. ನಾನು ಇಬ್ಬರ ನಡುವೆ ನಿಂತು, ಓಟದ ಪಂದ್ಯಕ್ಕೆ ಬಿಡುವವಳಂತೆ ಕೈ ಎತ್ತಿ, ಒಂದು, ಎರಡು, ಮೂರು ಎಂದೆ. ಅವ್ವ ತುತ್ತು ಬಾಯಿಗಿಟ್ಟಳು. ಅಪ್ಪ ಇಡಲಿಲ್ಲ. ಅವನು ಅವಳ ತಾಟನ್ನು ನೋಡುತ್ತಿದ್ದ.

"ಇದೇನಿದು?"

"ರೊಟ್ಟಿರಿ."

"ಯಾವಾಗಿಂದು?"

"ನಿನ್ನೀದು. ಚೆಲ್ಲಾಕ ಬರತೈತೇನ್ರಿ?"

"ಪಲ್ಯಾ ಎಲ್ಲೈತಿ?"

"ಮುಗೀತ್ರಿ. ಖಾರದ ಹಿಂಡಿ ಐತಲ್ರಿ, ಸಾಕು."

"ದಿನಾ ಹಿಂಗ ಉಣತೀಯೇನ?"

ಅವ್ವ ತಾಟು ತನ್ನತ್ತ ಎಳೆದುಕೊಂಡಳು. ಸಣ್ಣಾಯಿ ಉತ್ತರ ಕೊಟ್ಟಳು. "ಇಪ್ಪತ್ತ ವರ್ಷ ಆತು, ಇವತ್ತ ಕೇಳಾಕತ್ತಾನ ನೋಡು."

ನನ್ನ ಅಪ್ಪ ಕೆಟ್ಟವನಲ್ಲ. ಜಾತ್ರೆ ಹಬ್ಬಕ್ಕೆ ಹೆಂಡತಿಗೆ ಮರೆಯದೆ ಸೀರೆ ತರುವವನು, ಎಂದೂ ಕೈ ಎತ್ತಿದವನಲ್ಲ. ಅವಳು ಏಳುವುದನ್ನು, ನೀರು ಹೊರುವುದನ್ನು, ಎಮ್ಮೆ ಹಿಂಡುವುದನ್ನು, ರೊಟ್ಟಿ ಬಡಿಯುವುದನ್ನು ದಿನಾ ನೋಡಿದ್ದ. ಉಣ್ಣುವುದನ್ನು ಒಂದು ದಿನವೂ ನೋಡಿರಲಿಲ್ಲ. ಆವತ್ತು ಅವಳ ತಾಟಿನಿಂದ ಕೈಗೆ, ಕೈಯಿಂದ ಮುಖಕ್ಕೆ ಅವನ ಕಣ್ಣು ಹೋಯಿತು. ಅಂಗೈಯಲ್ಲಿ ಬಣ್ಣವಿರಲಿಲ್ಲ, ಜೋಳದ ಹಿಟ್ಟು ಹತ್ತಿದೆಯೋ ಏನೋ ಅನ್ನಿಸುವಷ್ಟು ಬೆಳ್ಳಗಿತ್ತು. ತನ್ನ ತಾಟನ್ನು ಅವಳತ್ತ ತಳ್ಳಿ, ಅವಳದನ್ನು ತಾನು ಎಳೆದುಕೊಂಡ. ಅವ್ವ ಒಲ್ಲೆ ಒಲ್ಲೆ ಎಂದು ಅಳತೊಡಗಿದಳು. ಅಪ್ಪ ನಿನ್ನೆಯ ರೊಟ್ಟಿಯನ್ನು ಅಗಿದು ಅಗಿದು ಉಂಡ.

ಅವ್ವ ದವಾಖಾನೆಗೆ ಹೋಗೋಣ ಎಂದರೆ ಬರುವವಳಲ್ಲ. ಹೆರಿಗೆ ಬಿಟ್ಟರೆ ಹೆಂಗಸರಿಗೆ ಡಾಕ್ಟರು ಯಾಕೆ ಎಂಬುದು ನಮ್ಮ ಮನೆಯ ನಂಬಿಕೆ. ಅಪ್ಪ ಎರಡು ದಿನ ಯೋಚಿಸಿ, ಆಯಿ ಕಲಿಸಿದ ವಿದ್ಯೆಯನ್ನೇ ಬಳಸಿದ. ಸಂಜೆ ಅವನ ಪಾಳಿ ಬಂದಾಗ ಎದೆಯ ಮೇಲೆ ಕೈ ಇಟ್ಟುಕೊಂಡು, ಇಲ್ಲೆ ಒಂದ ನಮೂನಿ ಆಗಾಕತ್ತೈತಿ ಎಂದ. ಆಯಿಯ ಕೈಯಲ್ಲಿದ್ದ ಎಣ್ಣೆಯ ಬಟ್ಟಲು ನೆಲಕ್ಕೆ ಬಿತ್ತು. ನಾಳೆ ಮೊದಲನೆಯ ಬಸ್ಸಿಗೇ ಚಿಕ್ಕೋಡಿಗೆ ಹೋಗಬೇಕು ಎಂದಳು. ಒಬ್ಬನೇ ಹೋಗಲು ಧೈರ್ಯ ಸಾಲದು, ಶಾಂತಾ ಸಂಗಡ ಬರಲಿ, ಕಸ್ತೂರಿಯೂ ಬರಲಿ ಎಂದ ಅಪ್ಪ, ಇಷ್ಟು ದೊಡ್ಡ ಸುಳ್ಳು ಹೇಳಿದ ಮೇಲೆ ನನ್ನತ್ತ ನೋಡಿ ಒಂದು ಕಣ್ಣು ಮುಚ್ಚಿದ. ಅಪ್ಪನಿಗೆ ಕಣ್ಣು ಹೊಡೆಯಲು ಬರುತ್ತದೆಂದು ನನಗೆ ಆವತ್ತೇ ಗೊತ್ತಾದದ್ದು.

ಚಿಕ್ಕೋಡಿಯ ಡಾಕ್ಟರು ಒಬ್ಬ ಹೆಂಗಸು, ಎಲ್ಲರೂ ಬಾಯಿ ಅನ್ನುತ್ತಿದ್ದರು; ಸಣ್ಣ ಆಳು, ದಪ್ಪ ಕನ್ನಡಕ, ಬಾಗಿಲ ಹೊರಗೆ ಬೆಂಚಿನ ತುಂಬ ಹೆಂಗಸರು. ಒಳಗೆ ಹೋದೊಡನೆ ಅಪ್ಪ, ನನಗೇನೂ ಆಗಿಲ್ರಿ ಬಾಯಾರ, ಈಕಿನ್ನ ನೋಡ್ರಿ ಎಂದುಬಿಟ್ಟ. ಅವ್ವ ಗಾಬರಿಯಾಗಿ ಎದ್ದು ನಿಂತಳು. ಆ ಬಾಯಿ ಆಕೆಯ ಕೈ ಹಿಡಿದು ಕೂಡಿಸಿ, ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದಳು, ಉಗುರು ಒತ್ತಿ ನೋಡಿದಳು.

"ನೀರಿನ ಕೊಡಾ ಹೊತ್ತರ ದಮ್ಮ ಹತ್ತತೈತೇನ?"

"ಎಲ್ಲಾರಿಗೂ ಹತ್ತತೈತಲ್ರಿ."

"ಮಣ್ಣ ತಿನಬೇಕ ಅನಸತೈತೇನ?"

"ಇಲ್ರಿ. ಛೇ."

"ತಿಂತಾಳ್ರಿ," ಎಂದೆ ನಾನು. ಗುಟ್ಟು ಕಾಯುವ ಮಾತು ಕೊಟ್ಟಿದ್ದು ಹೌದು, ಆದರೆ ಡಾಕ್ಟರ ಮುಂದೆ ಸುಳ್ಳು ಹೇಳಿದರೆ ಸೂಜಿ ಚುಚ್ಚುತ್ತಾರೆ ಎಂದು ಸತೀಶ ಹೇಳಿದ್ದ. "ಒಲಿ ಮಣ್ಣ ತಿಂತಾಳ್ರಿ. ಸೆರಗಿನ ತುದೀಗೆ ಕಟ್ಟಿಕೊಂಡಾಳ ನೋಡ್ರಿ."

ಅಪ್ಪನೇ ಆ ಗಂಟು ಬಿಚ್ಚಿದ. ಮೂರು ಚೂರು ಕೆಂಪು ಮಣ್ಣು ಮೇಜಿನ ಮೇಲೆ ಬಿದ್ದವು. ಅವ್ವ ತಲೆ ತಗ್ಗಿಸಿದಳು. ಬಾಯಿ ಬೈಯಲಿಲ್ಲ. ಇದು ಕೆಟ್ಟ ಚಾಳಿ ಅಲ್ಲವ್ವ, ಮೈಯಾಗ ರಕ್ತ ಇಲ್ಲದಾಗ ಮೈನ ಮಣ್ಣ ಬೇಡತೈತಿ ಎಂದಳು. ಇರಬೇಕಾದ ರಕ್ತದ ಅರ್ಧವೂ ಇಲ್ಲ, ಹಿಂಗೇ ಬಿಟ್ಟರ ಒಂದಿನ ನೀರಿನ ಕೊಡದ ಸಂಗಡನ ಬೀಳ್ತಾಳ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಮನೆಯ ಕಥೆಯನ್ನೆಲ್ಲ ಹೇಳಿದ: ಗೋಡೆ, ಪಂಕ್ತಿ, ಆಯಿಯ ಉಪಾಯ. ಬಾಯಿ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ, ಬಂದೇ ಬಂದೀರಿ, ನಿಮ್ಮ ಕೈನೂ ಕೊಡ್ರಿ ಎಂದು ಅಪ್ಪನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದಳು. ಪಾದರಸ ಏರಿದ ಎತ್ತರ ನೋಡಿ ಆಕೆಯ ನಗು ನಿಂತಿತು. ಬಿ.ಪಿ. ಬಾಳ ಐತಿ, ನಿಮ್ಮ ಮನಿ ಗಂಡಸರು ಯಾಕ ಲಗೂನ ಹೋದ್ರು ಅನ್ನೂದು ಈಗ ತಿಳೀತು ಎಂದಳು. ಸುಳ್ಳು ಎದೆನೋವು ಹೇಳಿ ಬಂದವನಿಗೆ ಖರೆ ರೋಗ ಸಿಕ್ಕಿತು. ಅವ್ವನಿಗೆ ಕೆಂಪು ಗುಳಿಗೆ, ಅಪ್ಪನಿಗೆ ಬಿಳಿ ಗುಳಿಗೆ. ಉಪ್ಪು, ಬೆಣ್ಣೆ, ತಂಬಾಕು ಅವನಿಗೆ ಬೇಡ. ಹಾಲು, ಕಾಳು, ಸೊಪ್ಪು, ಹೊಟ್ಟೆ ತುಂಬ ಬಿಸಿ ಊಟ ಇವಳಿಗೆ ಬೇಕು. ಹೊರಗೆ ಬಂದ ಮೇಲೆ ಅಪ್ಪ ನಮ್ಮನ್ನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಮೂರು ತಾಟು ಪೂರಿ ಭಾಜಿ ಹೇಳಿದ. ಅವ್ವ ಊರವರು ಯಾರಾದರೂ ಇದ್ದಾರೇನೋ ಎಂದು ಸುತ್ತ ನೋಡಿ ನೋಡಿ ಒಂದು ಪೂರಿ ಮುಗಿಸಲು ಅರ್ಧ ಗಂಟೆ ಮಾಡಿದಳು.

ಮನೆಯಲ್ಲಿ ಆಯಿ ಬಿಳಿ ಗುಳಿಗೆಯನ್ನು ಕಣ್ಣಿಗೊತ್ತಿಕೊಂಡು ಒಪ್ಪಿದಳು. ಕೆಂಪು ಗುಳಿಗೆಯನ್ನೂ ಒಪ್ಪಿದಳು. ಅವ್ವ ಎಲ್ಲರಿಗಿಂತ ಮೊದಲು ಉಣ್ಣಬೇಕು, ಬಿಸಿಯದು ಉಣ್ಣಬೇಕು ಎಂಬ ಅಪ್ಪನ ಮಾತಿಗೆ ಮಾತ್ರ ಒಪ್ಪಲಿಲ್ಲ. ಇದನ್ನು ನಾನು ಮುಂದೆ ಎಷ್ಟೋ ಮಂದಿಗೆ ಹೇಳಿದ್ದೇನೆ, ಅವರೆಲ್ಲ ಅತ್ತೆಯ ಕಾಟ ಎಂದೇ ತಿಳಿದುಕೊಂಡರು. ಹಾಗಲ್ಲ. ಆಯಿ ನಿಜವಾಗಿ ಹೆದರಿದ್ದಳು. ಬಿಸಿ ರೊಟ್ಟಿ ಉಂಡವರೆಲ್ಲ ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಸೊಸೆಯನ್ನೂ ಆ ದಾರಿಗೆ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ. ನಮ್ಮ ಮನಿ ಹೆಂಗಸರು ಹಿಂಗ ಉಂಡ ಎಪ್ಪತ್ತ, ಎಂಬತ್ತ ದಾಟ್ಯಾರ, ಈಕೀನೂ ದಾಟ್ತಾಳ ಎಂದು ಪಟ್ಟು ಹಿಡಿದಳು. ಅಪ್ಪ ಕೂಗಾಡಿದ, ಅವ್ವ ಇಬ್ಬರ ಕಾಲೂ ಹಿಡಿಯಲು ಹೋದಳು. ಹಾಗೆ ಜಗಳದಲ್ಲಿ ನಾಲ್ಕು ದಿನ ಕಳೆದವು, ಸಣ್ಣಾಯಿಯ ತೀರ್ಪೂ ಮುರಿದು ಅವ್ವ ಮತ್ತೆ ಆರಿದ ಒಲೆಯ ಮುಂದೆ ಒಬ್ಬಳೇ ಉಂಡಳು.

ಐದನೆಯ ದಿನ ಸೋಮವಾರ. ಸೋಮವಾರ ದೇವರ ಜಗಲಿಯ ಸಾಮಾನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದು ನನ್ನ ಕೆಲಸ. ಅಲ್ಲಿ ದೇವರ ಜೊತೆಗೆ ಹೆಬ್ಬೆರಳಿನಷ್ಟು ದೊಡ್ಡ ಮೂರು ಬೆಳ್ಳಿಯ ತಗಡುಗಳಿದ್ದವು, ಒಂದೊಂದರ ಮೇಲೂ ಕೈ ಜೋಡಿಸಿದ ಒಬ್ಬ ಹೆಂಗಸಿನ ಗೆರೆ ಕೊರೆದದ್ದು. ಅವಕ್ಕೆ ಟಾಕು ಎಂದು ಹೆಸರು. ಹೆಂಡತಿ ಸತ್ತು ಗಂಡಸು ಮತ್ತೊಂದು ಮದುವೆಯಾದರೆ ಸತ್ತವಳ ಹೆಸರಿನಲ್ಲಿ ಟಾಕು ಮಾಡಿಸಿ ಜಗಲಿಯ ಮೇಲೆ ಇಡಬೇಕು, ಬಂದವಳು ದಿನಾ ಅದಕ್ಕೆ ಹೂವು ಏರಿಸಬೇಕು. ಆಯಿ ಮುತ್ಯಾನಿಗೆ ಎರಡನೆಯವಳು. ಮೊದಲಿನವಳು ಗೌರವ್ವ. ಉಳಿದ ಎರಡು ಟಾಕು ಮುತ್ಯಾನ ಅಪ್ಪನ ಮೊದಲ ಇಬ್ಬರು ಹೆಂಡಿರದು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆವತ್ತು ಬೆಳ್ಳಿ ತಿಕ್ಕುತ್ತ, ನಾಲ್ಕು ದಿನದಿಂದ ಕೇಳಿದ ಎಂಬತ್ತು ಎಂಬತ್ತು ಎಂಬ ಮಾತು ಕಿವಿಯಲ್ಲಿ ಇದ್ದದ್ದಕ್ಕೋ ಏನೋ, ಸುಮ್ಮನೆ ಕೇಳಿದೆ.

"ಆಯಿ, ಇವರೂ ನಮ್ಮ ಮನಿ ಹೆಂಗಸರ ಅಲ್ಲೇನ? ಇವರು ಎಷ್ಟ ವರ್ಷ ಬದುಕಿದ್ರು?"

ಆಯಿ ಹೂವು ಕಟ್ಟುತ್ತಿದ್ದಳು. ಕೈ ನಿಂತಿತು. ಹೂವು ಕೆಳಗಿಟ್ಟು ನನ್ನ ಕೈಯಿಂದ ಒಂದೊಂದೇ ಟಾಕು ತೆಗೆದುಕೊಂಡು ಅಂಗೈಯಲ್ಲಿ ಇಟ್ಟುಕೊಂಡಳು.

"ಇಕಿ ಹದಿನೇಳಕ್ಕ ಹ್ವಾದ್ಲಂತ, ಚೊಚ್ಚಲ ಬಸರಾಗ. ಇಕಿ ಇಪ್ಪತ್ತೆರಡಕ್ಕ. ಇಕಿ ನಮ್ಮ ಗೌರವ್ವ, ಹತ್ತೊಂಬತ್ತಕ್ಕ. ಹಡದ ಮೂರ ದಿನಕ್ಕ." ಗೌರವ್ವನ ಟಾಕನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಯಾರಿಗೂ ಅಲ್ಲದೆ ಹೇಳಿದಳು: "ಬಿಳಿಚಿಕೊಂಡಿದ್ಲಂತ. ಒಲಿ ಮಣ್ಣ ತಿಂತಿದ್ಲಂತ. ನಮ್ಮ ಅತ್ತಿ ಹೇಳ್ತಿದ್ಲು."

ಗೋಡೆಯ ಮೇಲಿನವರನ್ನು ಎಣಿಸಿದವಳು ಜಗಲಿಯ ಮೇಲಿನವರನ್ನು ಎಣಿಸಿರಲಿಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಾ ಹೂವು ಏರಿಸಿದ್ದಳು, ಅವರು ಮನೆಯ ಹೆಂಗಸರು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ದೇವರಾದವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆಯಿ ಮೂರು ಟಾಕನ್ನೂ ಎದೆಗೆ ಒತ್ತಿಕೊಂಡು ಅಲ್ಲೇ ಕೂತಿದ್ದಳು, ಆವತ್ತು ಅವಳು ಉಣ್ಣಲಿಲ್ಲ. ನಾನು ಏನೋ ಕೆಟ್ಟದ್ದು ಕೇಳಿದೆ ಎಂದು ಹೆದರಿ ಅವ್ವನ ಹಿಂದೆ ಅಡಗಿಕೊಂಡೆ. ಈಗ ಅನ್ನಿಸುತ್ತದೆ, ನನ್ನ ನೌಕರಿ ಶುರುವಾದದ್ದು ಆ ಸೋಮವಾರವೇ. ಯಾವ ಮನೆಗೆ ಹೋದರೂ ನಾನು ಇದ್ದವರನ್ನಷ್ಟೇ ಅಲ್ಲ, ಇರಬೇಕಾಗಿದ್ದವರನ್ನೂ ಕೇಳಿ ಬರೆದುಕೊಳ್ಳುತ್ತಿದ್ದೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅಪ್ಪ ಐವತ್ತೆರಡು ದಾಟಿದ. ಆವತ್ತು ಆಯಿ ಓಣಿಗೆಲ್ಲ ಹೋಳಿಗೆ ಹಂಚಿದಳು. ಅವನು ಗುಳಿಗೆ ನುಂಗುತ್ತ, ಸಂಜೆ ನೋವು ಹೇಳುತ್ತ, ಊರಲ್ಲೇ ದೊಡ್ಡ ಮಾತುಗಾರನೆಂದು ಹೆಸರು ತೆಗೆದುಕೊಂಡು ಎಪ್ಪತ್ತೇಳರವರೆಗೆ ಇದ್ದ. ಆಯಿ ಹೋಗುವಾಗ ಅವಳ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಎಲ್ಲ ಮಾತೂ ಇತ್ತು. ಅವ್ವನ ಅಂಗೈಗೆ ಬಣ್ಣ ಬರಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ದೀಪಾವಳಿಯ ಹೊತ್ತಿಗೆ ಅವಳು ಬಣವೆಯ ಮೇಲೆ ಹತ್ತಿ ಮೇವು ಕೆಡವುವಾಗ ಹಾಡು ಹೇಳುತ್ತಿದ್ದಳು. ಅವಳಿಗೆ ಹಾಡಲು ಬರುತ್ತದೆಂದು ನಮಗೆ ಗೊತ್ತೇ ಇರಲಿಲ್ಲ, ಅವಳ ಹತ್ತಿರ ಅಷ್ಟು ಉಸಿರು ಎಂದೂ ಉಳಿದಿರಲಿಲ್ಲ. ಈಗ ಅವಳಿಗೆ ಎಂಬತ್ತರ ಹತ್ತಿರ, ನನಗಿಂತ ಬಿರಬಿರನೆ ನಡೆಯುತ್ತಾಳೆ.

ಆದರೆ ಅದೆಲ್ಲಕ್ಕಿಂತ ಮೊದಲು ಆ ಸೋಮವಾರದ ಮರುದಿನ, ಮಂಗಳವಾರ ಬೆಳಿಗ್ಗೆ. ನಾವು ಎದ್ದು ಬಂದಾಗ ಒಲೆಯ ಮುಂದೆ ಆಯಿ ಕೂತಿದ್ದಳು. ಮೊಣಕಾಲು ಮಡಚಲಾಗದೆ ಒಂದು ಕಾಲು ಉದ್ದಕ್ಕೆ ಚಾಚಿಕೊಂಡು, ಹಿಟ್ಟು ನಾದಿ, ಎಷ್ಟೋ ವರ್ಷದ ಮೇಲೆ ತಾನೇ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಸಣ್ಣಾಯಿ ಒಂದು ಸಲ ನೋಡಿ, ಬೆಂಕಿ ಮುಂದಕ್ಕೆ ತಳ್ಳಿದಳು. ಮೊದಲನೆಯ ರೊಟ್ಟಿ ಉಬ್ಬಿ ಬಂತು. ಆಯಿ ಅದನ್ನು ಬರಿಗೈಯಲ್ಲಿ ತೆಗೆದು ತಾಟಿಗೆ ಹಾಕಿ, ಬೆಣ್ಣೆ ಇಟ್ಟು, ಪಕ್ಕಕ್ಕೆ ಹೆಸರುಕಾಳಿನ ಪಲ್ಯ ಬಡಿಸಿ, ಅವ್ವನ ಮುಂದೆ ಸರಿಸಿದಳು.

"ಅತ್ತೀ, ಅವರದಿನ್ನಾ ಆಗಿಲ್ಲ. ಹುಡುಗರದೂ ಆಗಿಲ್ಲ."

"ಅವರದ ನಾ ನೋಡ್ಕೋತೇನಿ. ನೀ ಕುಂಡ್ರು."

ಅವ್ವ ಕೂತಳು. ಕೂತವಳು ರೂಢಿಯಂತೆ ತಾಟು ಹಿಡಿದು ಎಲ್ಲರಿಗೂ ಬೆನ್ನು ಮಾಡಿದಳು. ಆಯಿ ಹಿಟ್ಟಿನ ಕೈಯಿಂದಲೇ ಅವಳ ಭುಜ ಹಿಡಿದು ಮೆಲ್ಲಗೆ ತಿರುಗಿಸಿದಳು.

"ಈ ಕಡೆ ಮಾರಿ ಮಾಡಿ ಉಣ್ಣು ನನ್ನವ್ವ. ನೀ ಉಣ್ಣೂದನ್ನ ನಾ ಒಂದಿನಾನೂ ನೋಡಿಲ್ಲ."

ಅವ್ವ ರೊಟ್ಟಿ ಮುರಿದಳು. ಒಳಗಿನ ಹಬೆ ಬೆರಳಿಗೆ ತಾಗಿ ಕೈ ಝಾಡಿಸಿದಳು, ಬೆರಳಿಗೆ ಊದಿಕೊಂಡಳು, ಎಲ್ಲರೂ ನೋಡುತ್ತಿದ್ದದ್ದು ಕಂಡು ನಕ್ಕಳು. ಎರಡನೆಯ ರೊಟ್ಟಿ ಹಂಚಿಗೆ ಬಿದ್ದಿತ್ತು, ಅದು ಹೊತ್ತುವವರೆಗೂ ಆಯಿ ಅವಳನ್ನೇ ನೋಡುತ್ತ ಕೂತಿದ್ದಳು.